ಫಿರ್ಮಿನ್‌ನ ಶನಿವಾರದ ಬಿಯರ್

ಗೊಡೆಲೀವೆ ದನಿ ಎತ್ತಿ ಮಾತಾಡುವ ಹೆಂಗಸಲ್ಲ. ಡೆಂಡರ್ ನದಿಯ ದಂಡೆಯ ಆ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಅವಳು ಅರ್ಧ ಆಯುಷ್ಯ ಸವೆಸಿದ್ದಳು. ಅಲ್ಲಿ ಯಂತ್ರಗಳ ಗದ್ದಲದ ನಡುವೆ ಎಷ್ಟು ಕಿರುಚಿದರೂ ಕೇಳುತ್ತಿರಲಿಲ್ಲ, ಎಲ್ಲಾ ಕೈಸನ್ನೆ, ಕಣ್ಸನ್ನೆಯಲ್ಲೇ ಮುಗಿಯಬೇಕು. ಆ ಅಭ್ಯಾಸ ಅವಳೊಂದಿಗೆ ಮನೆಗೂ ಬಂದಿತ್ತು. ಅಂಥವಳು ಗಂಡನನ್ನು ಮಣ್ಣು ಮಾಡಿ ಬಂದ ದಿನವೇ, ಚರ್ಚಿನ ಸಭಾಮನೆಯಲ್ಲಿ, ನೂರು ಜನರೆದುರು ಕೂಗಾಡಿದಳು ಎಂದು ಊರೆಲ್ಲ ತಿಂಗಳುಗಟ್ಟಲೆ ಆಡಿಕೊಂಡಿತು. ಆಡಿಕೊಂಡವರಲ್ಲಿ ಅವಳು ಯಾಕೆ ಕೂಗಿದಳು ಎಂದು ವಿಚಾರಿಸಿದವರು ಮಾತ್ರ ಕಡಿಮೆ.

ಅವಳ ಗಂಡ ಫಿರ್ಮಿನ್ ಮನೆಗಳ ಸೂರಿಗೆ ಕಲ್ಲಿನ ಹಂಚು ಹೊದಿಸುವವನು. ಒಳ್ಳೆಯ ಕೆಲಸಗಾರ, ಬಾಯಿ ತುಂಬ ಹಾಸ್ಯ. ನಡುವಯಸ್ಸಿನಲ್ಲಿ ಶಾಲೆಯೊಂದರ ಸೂರಿನಿಂದ ಜಾರಿ ಬಿದ್ದು ಬೆನ್ನು ಮುರಿದುಕೊಂಡ. ಎದ್ದು ನಡೆಯುವಂತಾದನೇ ಹೊರತು ಏಣಿ ಹತ್ತುವಂತಾಗಲಿಲ್ಲ. ಆಮೇಲಿನದ್ದೆಲ್ಲ ಸರ್ಕಾರ ಕೊಡುವ ಅಂಗವಿಕಲರ ಭತ್ಯೆ ಮತ್ತು ಹೆಂಡತಿಯ ಸಂಬಳದ ಮೇಲಿನ ಬದುಕು. ಮೊದಲು ಬಿಟ್ಟಿದ್ದು ಕೆಫೆಗೆ ಹೋಗುವುದನ್ನು. ಕೆಲಸದವರು ಸಂಜೆ ಸೇರುತ್ತಿದ್ದ ಆ ಕೆಫೆಯಲ್ಲಿ ಒಬ್ಬರು ಎಲ್ಲರಿಗೂ ಒಂದು ಸುತ್ತು ಬಿಯರ್ ಕೊಡಿಸಿದರೆ, ನಾಳೆ ಇನ್ನೊಬ್ಬರು ಕೊಡಿಸಬೇಕು. ಫಿರ್ಮಿನ್ ತನ್ನ ಸರದಿ ಬಂದಾಗ ಎದ್ದುಹೋಗುವ ಜಾತಿಯವನಲ್ಲ. ಅದಕ್ಕೇ ಹೋಗುವುದನ್ನೇ ಬಿಟ್ಟ.

ಮುಚ್ಚಿಹೋಗಿದ್ದ ಬೆಂಕಿಪೊಟ್ಟಣದ ಕಾರ್ಖಾನೆಯ ಜಾಗದಲ್ಲಿ ಅಗ್ಗದ ಸೂಪರ್‌ಮಾರ್ಕೆಟ್ ಎದ್ದದ್ದು ಆ ದಿನಗಳಲ್ಲೇ. ಸರಕನ್ನು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಸಾಲಾಗಿ ಇಟ್ಟುಬಿಡುವ ಅಂಗಡಿ. ಈ ವಾರ ರಬ್ಬರ್ ಬೂಟು, ಮುಂದಿನ ವಾರ ವೆಲ್ಡಿಂಗ್ ಯಂತ್ರ. ಅವುಗಳ ಪಕ್ಕದಲ್ಲೇ ಬಿಯರ್: ಕಪ್ಪನೆಯ ಡುಬ್ಬೆಲ್, ಹೊಂಬಣ್ಣದ ಟ್ರಿಪಲ್. ಲೇಬಲ್ಲಿನ ಮೇಲೆ ಬೋಳುತಲೆಯ, ಗುಂಡುಹೊಟ್ಟೆಯ ಒಬ್ಬ ಸನ್ಯಾಸಿ. ಆ ಸೀಮೆಯಲ್ಲಿ ಹೆಸರುವಾಸಿ ಬಿಯರನ್ನು ಮಠದ ಸನ್ಯಾಸಿಗಳೇ ತಯಾರಿಸುವ ರೂಢಿ. ಇವನು ಮಾತ್ರ ಯಾವ ಮಠದವನೂ ಅಲ್ಲ, ಯಾರೋ ಕಚೇರಿಯಲ್ಲಿ ಕೂತು ಬರೆದ ಚಿತ್ರ. ಮೊದಲ ಸಲ ಗೊಡೆಲೀವೆ ಎರಡು ಬಾಟಲಿ ತಂದಾಗ ಫಿರ್ಮಿನ್ ಅನುಮಾನದಿಂದಲೇ ಸುರುವಿದ. ನೊರೆ ದಟ್ಟವಾಗಿ ಎದ್ದು ನಿಂತಿತು. ಒಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಲೀವೆ, ಈ ಸ್ವಾಮಿಗಳಿಗೆ ಮಠ ಇಲ್ದೆ ಇರ್ಬಹುದು ಕಣೆ. ಆದ್ರೆ ಕೈಗುಣ ಇದೆ," ಎಂದ.

ಅಂದಿನಿಂದ ಶನಿವಾರದ ಸಂಜೆ ಐದಕ್ಕೆ ಆ ಮನೆಯಲ್ಲಿ ಸ್ವಾಮಿಗಳ ದರ್ಶನ. ಅದನ್ನು ಅವನು ಎಷ್ಟು ಶಿಸ್ತಿನಿಂದ ನಡೆಸುತ್ತಿದ್ದನೆಂದರೆ, ಬಾಟಲಿಗಳನ್ನು ಬೆಳಗ್ಗೆಯೇ ನೆಲಮಾಳಿಗೆಯಲ್ಲಿ ನೇರವಾಗಿ ನಿಲ್ಲಿಸಿಟ್ಟು, ತಳದ ಮಡ್ಡಿ ಕದಡದಂತೆ ಮಗುವನ್ನು ಎತ್ತಿಕೊಂಡು ಬಂದಹಾಗೆ ಮೇಲೆ ತರುತ್ತಿದ್ದ. ಹಳೆ ಸಾಮಾನಿನ ಸಂತೆಯಲ್ಲಿ ಆರಿಸಿ ತಂದ, ಬಾಯಿ ಅಗಲವಾದ, ಕಾಲುಳ್ಳ ಗ್ಲಾಸುಗಳು. ಚೀಸಿನ ತುಂಡು, ಸಾಸಿವೆ, ಸೆಲರಿ ಉಪ್ಪು. ಪಕ್ಕದ ಮನೆಯ ಓಡೆಟ್ ಒಂದು ದಿನ ಏಣಿ ಕೇಳಲು ಬಂದವಳು ಕೂತಳು. ಆಮೇಲೆ ಅವಳು ಶನಿವಾರ ತಪ್ಪಿಸಲೇ ಇಲ್ಲ. ಹಳೆಯ ಜೊತೆಗಾರರೂ ಒಬ್ಬೊಬ್ಬರಾಗಿ ಬಂದರು. ಇಲ್ಲಿ ಸುತ್ತು ಕೊಡಿಸುವುದು ಫಿರ್ಮಿನ್‌ನ ಕೈಯಲ್ಲೂ ಆಗುವ ಮಾತಾಗಿತ್ತು. ಮುರಿದ ಬೆನ್ನಿನ ಮನುಷ್ಯ ಮತ್ತೆ ನಾಲ್ಕು ಜನರಿಗೆ ಸುರುವಿ ಕೊಡುವ ಯಜಮಾನನಾಗಿದ್ದ. ಆ ಅಗ್ಗದ ಬಾಟಲಿ ಕೊಟ್ಟದ್ದು ಅದನ್ನು.

ಬಾರದಿದ್ದವನು ಒಬ್ಬನೇ, ಫಿರ್ಮಿನ್‌ನ ಸ್ವಂತ ತಮ್ಮ ಎಡ್ಗಾರ್. ಅವನು ನೋಟರಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಊರಿನ ಬಿಯರ್ ರಸಿಕರ ಸಂಘದ ಕಾರ್ಯದರ್ಶಿ. ಕೊರಳಿಗೆ ಕೆಂಪು ಪಟ್ಟಿ, ಎದೆಗೆ ಹಿತ್ತಾಳೆಯ ಬಿಲ್ಲೆ. ಒಂದು ವರ್ಷ ಅಣ್ಣನನ್ನೂ ಸಂಘದ ಊಟಕ್ಕೆ ಕರೆದ. ಫಿರ್ಮಿನ್ ಮದುವೆಯ ಕೋಟು ತೊಟ್ಟು ಹೋದ. ಮೇಜಿನಲ್ಲಿ ಯಾರೋ, "ಮನೇಲಿ ತಾವು ಯಾವ್ದು ಕುಡೀತೀರಿ?" ಎಂದು ಕೇಳಿದರು. ಇವನು ಮುಚ್ಚುಮರೆ ಇಲ್ಲದೆ ಅಂಗಡಿಯ ಹೆಸರನ್ನೇ ಹೇಳಿದ. ಇಡೀ ಮೇಜು ಗೊಳ್ಳೆಂದು ನಕ್ಕಿತು. ಮೊದಲು ನಕ್ಕವನು ಎಡ್ಗಾರ್. "ನಮ್ಮಣ್ಣ ಬಿಯರನ್ನ ಕಾಲುಚೀಲದ ಜೊತೆ ತೂಕಕ್ಕೆ ತರ್ತಾನೆ!" ಎಂದು ಒಗ್ಗರಣೆ ಬೇರೆ ಹಾಕಿದ.

ಫಿರ್ಮಿನ್ ಇದನ್ನು ಮನೆಯಲ್ಲಿ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ, ಅದೂ ಹಾಸ್ಯ ಮಾಡಿಕೊಂಡು. ಗೊಡೆಲೀವೆಗೆ ನಗು ಬರಲಿಲ್ಲ. ಅವಳು ಪಾತ್ರೆ ಒರೆಸುತ್ತಾ ನಿಂತಿದ್ದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. ಮದುವೆಯ ಕೋಟು ತೊಟ್ಟುಕೊಂಡು ಹೋದವನನ್ನು!

ಕೊನೆಗೆ ಶ್ವಾಸಕೋಶದ ಕಾಯಿಲೆ ಫಿರ್ಮಿನ್‌ನನ್ನು ಹಾಸಿಗೆಗೆ ಕೆಡವಿತು. ಸಾಯುವ ವಾರದಲ್ಲಿ ಅವನು ಹೆಂಡತಿಯ ಕೈ ಹಿಡಿದು, "ನನ್ನ ಮಣ್ಣು ಮಾಡಿ ಬಂದ್ಮೇಲೆ ಜನಕ್ಕೆ ಬರೀ ಕಾಫಿ ಕುಡಿಸಿ ಕಳಿಸ್ಬೇಡ. ಸ್ವಾಮಿಗಳನ್ನ ಕರ್ಸು. ಎಲ್ರಿಗೂ ನಾನೇ ಕೊಡಿಸ್ದೆ ಅಂತ ಹೇಳು," ಎಂದ. ಅವನು ಅವಳಿಗೆ ಒಪ್ಪಿಸಿಹೋದ ಕೆಲಸ ಅದೊಂದೇ.

ಗೊಡೆಲೀವೆ ಓಡೆಟ್‌ಳ ಕಾರಿನಲ್ಲಿ ಹೋಗಿ ಬಾಟಲಿಗಳನ್ನು ತಂದಳು. ಹಿಂದಿನ ದಿನವೇ ಸಭಾಮನೆಗೆ ಸಾಗಿಸಿ, ಕಿಟಕಿಯ ಕೆಳಗೆ ತಂಪಿನಲ್ಲಿ ಜೋಡಿಸಿದಳು. ಮರುದಿನ ಸ್ಮಶಾನದಿಂದ ಎಲ್ಲರೂ ಒಳಗೆ ಬಂದಾಗ ಮೇಜುಗಳ ಮೇಲೆ ಹ್ಯಾಮ್ ಇಟ್ಟ ಬನ್ನುಗಳಿದ್ದವು, ದ್ರಾಕ್ಷಿ ಬ್ರೆಡ್ಡಿತ್ತು, ಕಾಫಿ ಇತ್ತು. ನಡುನಡುವೆ ಬಿರಡೆಗೆ ತಂತಿ ಬಿಗಿದ, ಉದ್ದ ಕತ್ತಿನ ದೊಡ್ಡ ಬಾಟಲಿಗಳು ನಿಂತಿದ್ದವು. ಅವುಗಳನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕಿಟಕಿಯ ಕೆಳಗೆ ಏನೂ ಇರಲಿಲ್ಲ.

"ಓಡೆಟ್, ನಮ್ಮ ಬಾಟ್ಲಿಗಳೆಲ್ಲಿ?"

ಓಡೆಟ್‌ಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಎಡ್ಗಾರ್ ಬಂದು ಅತ್ತಿಗೆಯ ಭುಜದ ಮೇಲೆ ಕೈ ಇಟ್ಟ. "ನೀವು ದುಃಖದಲ್ಲಿದೀರಿ ಅತ್ತಿಗೆ. ನಾನೇ ಎಲ್ಲಾ ನೋಡ್ಕೊಂಡೆ. ಸಂಘದೋರೂ ಬಂದಿದಾರಲ್ಲ, ಅವರ ಮುಂದೆ ಅದನ್ನ ಇಡೋಕಾಗುತ್ತಾ? ಮನೆತನದ ಮರ್ಯಾದೆ ಅಂತ ಒಂದಿರುತ್ತೆ."

"ಎಲ್ಲಿಟ್ಟಿದೀಯ?"

ಎಡ್ಗಾರ್ ಮೇಜಿನ ಮೇಲಿದ್ದ ಒಂದು ದೊಡ್ಡ ಬಾಟಲಿಯ ಲೇಬಲ್ಲನ್ನು ಜನರ ಕಡೆಗೆ ತಿರುಗಿಸಿಟ್ಟ. ಅವನ ಹೆಂಡತಿ ಯೋಲಾಂಡ್ ತಲೆ ತಗ್ಗಿಸಿ, ಮೆಲ್ಲಗೆ, "ಹಿತ್ತಿಲ ಬಾಗ್ಲಾಚೆ ಅಕ್ಕಾ, ಕಸದ ಡಬ್ಬಿ ಹತ್ರ," ಎಂದಳು.

ಗೊಡೆಲೀವೆ ಹಿತ್ತಿಲ ಬಾಗಿಲು ತೆರೆದು ನೋಡಿದಳು. ಮಳೆ ಹನಿಯುತ್ತಿತ್ತು. ಆಲೂಗಡ್ಡೆ ಸಿಪ್ಪೆ, ಬಾಡಿದ ಹೂವಿನ ಮಾಲೆಗಳ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು ನೆನೆದು ಕುಸಿದಿದ್ದವು. ಒಂದು ಪೆಟ್ಟಿಗೆಯ ತಳ ಕಿತ್ತು ಬಾಟಲಿಗಳು ಕೆಸರಿನಲ್ಲಿ ಉರುಳಿದ್ದವು. ಅವಳ ಕಣ್ಣಿಗೆ ಅಲ್ಲಿ ಬಾಟಲಿ ಕಾಣಿಸಲಿಲ್ಲ, ಗಂಡನೇ ಬಿದ್ದ ಹಾಗೆ ಕಾಣಿಸಿತು.

ಒಂದು ಬಾಟಲಿಯನ್ನೆತ್ತಿ ಕಪ್ಪು ಲಂಗಕ್ಕೆ ಒರೆಸಿಕೊಂಡು ಅವಳು ಒಳಗೆ ಬಂದಳು. ಸಭೆಯ ನಡುವೆ ನಿಂತಳು. ಆಗ ಬಂದ ದನಿ ತನ್ನದೇ ಎಂದು ಅವಳಿಗೂ ನಂಬಿಕೆಯಾಗಲಿಲ್ಲ.

"ಇದು ಫಿರ್ಮಿನ್ ಕೊಡಿಸ್ತಿರೋ ಬಿಯರು! ಸಾಯೋ ಮುಂಚೆ ಅವನ ಬಾಯಿಂದ ಬಂದ ಮಾತು! ಇದನ್ನ ಕಸದ ಹತ್ರ ಎಸೆದೋನು ಅವನ ಒಡಹುಟ್ಟಿದ ತಮ್ಮ! ಇದನ್ನ ಕುಡಿಯೋಕೆ ನಾಚ್ಕೆ ಆಗೋರು ಅವನ ಊಟಾನೂ ಬಿಟ್ಟು ಎದ್ದು ಹೋಗ್ಬಹುದು!"

ಪಾದ್ರಿ ಕೆಮ್ಮಿದರು. ಹಂಚು ಹೊದಿಸುವ ಇಬ್ಬರು ಮುದುಕರು ಎದ್ದು ಹಿತ್ತಿಲಿಗೆ ಹೋಗಿ ಬಾಟಲಿಗಳನ್ನು ತಬ್ಬಿಕೊಂಡು ತಂದರು. ಆಸ್ಪತ್ರೆಯಲ್ಲಿ ಅವಳ ಜೊತೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಗ್ಲಾಸು ಚಾಚಿದರು. ಎಲ್ಲರೂ ಹಾಗೆ ಮಾಡಿದರೆಂದರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ಜನ ಕಾಫಿಯ ಬಟ್ಟಲನ್ನೇ ನೋಡುತ್ತಾ ಕೂತಿದ್ದರು. ಕೆಂಪು ಪಟ್ಟಿಯವರು ಕೋಟು ಹುಡುಕಿಕೊಂಡರು. ಎಡ್ಗಾರ್ ಹೊರಡುತ್ತಾ, "ಅಣ್ಣನ ಸಾವಿನ ದಿನ ಇಂಥ ರಂಪ," ಎಂದು ಪಾದ್ರಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ರಂಪ ಮಾಡಿದವಳು ಅವಳಂತೆ!

ಇಷ್ಟಕ್ಕೇ ನಿಂತಿದ್ದರೆ ಅವಳು ನುಂಗಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಓಡೆಟ್ ಏದುಸಿರು ಬಿಡುತ್ತಾ ಬಂದಳು. "ಲೀವೆ, ಪೇಟೆ ಬೀದಿ ಬಿಯರ್ ಅಂಗಡಿ ಕಿಟಕೀಲಿ ನಿನ್ ಗಂಡ ನಿಂತಿದಾನೆ ಕಣೆ! ನೀನೇ ಬಂದು ನೋಡು."

ನಿಜ. ರಸಿಕರ ಸಂಘದವರು ವರ್ಷಕ್ಕೊಮ್ಮೆ ಮಾಡಿಸುವ ವಿಶೇಷ ಬಿಯರಿಗೆ ಈ ಸಲ 'ಫಿರ್ಮಿನ್' ಎಂದೇ ಹೆಸರಿಟ್ಟಿದ್ದರು. ಲೇಬಲ್ಲಿನಲ್ಲಿ ಸೂರಿನ ಮೇಲೆ ಸುತ್ತಿಗೆ ಹಿಡಿದು ಕೂತ ಮನುಷ್ಯ. ಕತ್ತಿಗೆ ಕಟ್ಟಿದ ಚೀಟಿಯಲ್ಲಿ, 'ಶ್ರೇಷ್ಠ ಬಿಯರನ್ನಲ್ಲದೆ ಬೇರೇನನ್ನೂ ಮುಟ್ಟದ ನಮ್ಮೂರ ಕುಶಲಕರ್ಮಿಯ ನೆನಪಿಗೆ' ಎಂದಿತ್ತು. ಬೆಲೆ ನೋಡಿ ಓಡೆಟ್ ಶಿಲುಬೆಯ ಗುರುತು ಮಾಡಿಕೊಂಡಳು. ಬದುಕಿದ್ದಾಗ ಫಿರ್ಮಿನ್ ಕೈ ಹಾಕಲಾಗದಿದ್ದ ಬಾಟಲಿಗೆ ಫಿರ್ಮಿನ್‌ನ ಹೆಸರು! ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನು ಪ್ರೀತಿಸಿದ್ದನ್ನು ಅಳಿಸಿ, ಅವನ ಬಾಯಲ್ಲಿ ತಮ್ಮ ರುಚಿಯನ್ನು ತುರುಕಿದ್ದರು.

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಸಂಘದವರು ಕೆಫೆಯ ಹಿಂದಿನ ಕೋಣೆಯಲ್ಲಿ ಸೇರಿದ್ದಾಗ ಗೊಡೆಲೀವೆ ಒಬ್ಬಳೇ ಒಳಗೆ ಹೋದಳು. ಈ ಸಲ ಅವಳು ಕೂಗಲಿಲ್ಲ.

"ಆ ಹೆಸ್ರು ತೆಗೀರಿ," ಎಂದಳು.

ಎಡ್ಗಾರ್‌ನ ಮುಖ ಕೆಂಪೇರಿತು. "ಅದು ಗೌರವ ಅತ್ತಿಗೆ! ಸತ್ತ ಮೇಲಾದ್ರೂ ಅವನಿಗೊಂದು ಒಳ್ಳೇದು ಸಿಗ್ಲಿ ಅಂತ ಮಾಡಿದ್ದು."

"ಅವನಿಗೆ ಒಳ್ಳೇದು ಪ್ರತೀ ಶನಿವಾರ ಸಿಗ್ತಿತ್ತು. ನೀನು ಬಂದು ನೋಡ್ಲಿಲ್ಲ."

"ನಾನು ಅವನನ್ನ ಇಲ್ಲಿಗೆ ಕರೀಲಿಲ್ವಾ?"

"ಕರೆದೆ. ಮದುವೆ ಕೋಟು ಹಾಕ್ಕೊಂಡು ಬಂದ. ಮೊದ್ಲು ನಕ್ಕಿದ್ದು ಯಾರು, ಹೇಳು. ಇಲ್ಲಿರೋರಿಗೂ ನೆನಪಿರ್ಬೇಕಲ್ಲ."

ಕೆಲವರು ಗ್ಲಾಸಿನೊಳಗೆ ಕಣ್ಣಿಟ್ಟರು. ಎಡ್ಗಾರ್ ತೊದಲುತ್ತಾ, "ಲೇಬಲ್ ಎಲ್ಲಾ ಅಂಟಿಸಿ ಆಗಿದೆ," ಎಂದ.

"ಅಂಟ್ಸಿದ ಕೈ ಕೀಳೋಕೂ ಬರುತ್ತೆ. ನನ್ ಗಂಡನ ಹೆಸ್ರು ನಿಮ್ಮ ಸಂಘದ ಆಸ್ತಿ ಅಲ್ಲ. ಸುಳ್ಳು ಬರೆದ ಚೀಟೀನ ಅವನ ಕೊರಳಿಗೆ ಕಟ್ಟೋಕೆ ನಿಮಗೆ ಯಾರೂ ಹಕ್ಕು ಕೊಟ್ಟಿಲ್ಲ."

ಅವರಲ್ಲೇ ಒಬ್ಬರು, ದನದ ಡಾಕ್ಟರಾಗಿದ್ದ ಹಿರಿಯರು, ಕೊರಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, "ಆಯಮ್ಮ ಹೇಳೋದು ಸರಿ, ಎಡ್ಗಾರ್. ಅವತ್ತು ನಾನೂ ನಕ್ಕಿದ್ದೆ," ಎಂದರು. ಮತ್ತೆ ಯಾರೂ ವಾದಿಸಲಿಲ್ಲ.

ಲೇಬಲ್ಲುಗಳು ಹೋದವು. ಯೋಲಾಂಡ್ ಇದನ್ನು ಹೇಳಲೆಂದೇ ಒಂದು ಶನಿವಾರ ಮನೆಗೆ ಬಂದಳು. ಎಡ್ಗಾರ್ ಇಡೀ ವಾರ ಗ್ಯಾರೇಜಿನಲ್ಲಿ ಬಿಸಿನೀರಿನ ತೊಟ್ಟಿಯೆದುರು ಕೂತು, ಬಾಟಲಿಗಳನ್ನು ನೆನೆಸಿ, ಗೊಣಗುತ್ತಾ ಒಂದೊಂದೇ ಲೇಬಲ್ಲು ಕೆರೆದನಂತೆ. ಸಂಘದವರು ಯಾರೂ ಸಹಾಯಕ್ಕೆ ಬರಲಿಲ್ಲವಂತೆ. "ನನ್ ಬೆರಳೂ ಸುಕ್ಕು ಬಿದ್ದೋಯ್ತು ಅಕ್ಕಾ," ಎಂದು ಕೈ ತೋರಿಸಿದಳು.

ಗೊಡೆಲೀವೆ ಅವಳಿಗೆ ಕುರ್ಚಿ ಎಳೆದು, ಕಪ್ಪು ಡುಬ್ಬೆಲ್ ಸುರುವಿ ಕೊಟ್ಟಳು. ಯೋಲಾಂಡ್ ಕುಡಿದು, ಹುಬ್ಬು ಮೇಲೇರಿಸಿ, "ಸುಟ್ಟ ಸಕ್ಕರೆ ವಾಸ್ನೆ ಎಷ್ಟು ಚೆನ್ನಾಗಿದೆ," ಎಂದಳು. ಆಮೇಲೆ ತಡೆದು ತಡೆದು, "ಅವರೂ ಬಂದಿದಾರೆ. ಕಾರಲ್ಲೇ ಕೂತಿದಾರೆ. ಒಳಗೆ ಬರಲ್ಲ ಅಂತಾರೆ," ಎಂದಳು.

ಗೊಡೆಲೀವೆ ಪರದೆ ಸರಿಸಿ ನೋಡಿದಳು. ಎದುರು ಬದಿಯಲ್ಲಿ ಕಾರು ನಿಂತಿತ್ತು. ಟೋಪಿ ತೊಟ್ಟು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎಡ್ಗಾರ್ ನೆಟ್ಟಗೆ ಮುಂದಕ್ಕೆ ನೋಡುತ್ತಾ ಕೂತಿದ್ದ. ಪಕ್ಕದಿಂದ ಕಂಡಾಗ ಅವನ ಮೂಗು, ಗದ್ದ ಫಿರ್ಮಿನ್‌ನದೇ. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಒಳಗೆ ಕರಿ ಕಣೆ ಪಾಪ, ಹೊರಗೆ ಚಳಿ," ಎಂದಳು ಓಡೆಟ್.

"ಕಾಲಿದೆ ಅವನಿಗೆ. ಬಾಗ್ಲು ತೆರೆದೇ ಇದೆ," ಎಂದು ಗೊಡೆಲೀವೆ ಪರದೆ ಬಿಟ್ಟು ಚೀಸು ಹೆಚ್ಚಲು ಕೂತಳು.

ಅವನು ಒಳಗೆ ಬರಲಿಲ್ಲ. ಮುಂದಿನ ಶನಿವಾರಗಳಲ್ಲಿ ಯೋಲಾಂಡ್ ಬಸ್ಸು ಹತ್ತಿ ಒಬ್ಬಳೇ ಬರತೊಡಗಿದಳು.