ಹೂವಿಲ್ಲದ ದಿನ ಹುಟ್ಟಿದವರು

ಮೊನ್ನೆ ಜೂನ್ ಒಂದಕ್ಕೆ ಸೊಸೆ ನನಗೊಂದು ಪಟ ತಂದುಕೊಟ್ಟಳು. ಹನ್ನೆರಡು ತಿಂಗಳಿಗೆ ಹನ್ನೆರಡು ಹೂವಿನ ಚಿತ್ರ, ಕೆಳಗೆ ಆ ತಿಂಗಳು ಹುಟ್ಟಿದವರ ಗುಣ. "ಅತ್ತಿ, ನಿಮ್ಮದು ಗುಲಾಬಿ ನೋಡ್ರಿ. ಗುಲಾಬಿ ಅಂದ್ರ ಪ್ರೀತಿ ಅಂತ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ನಾನು ಹುಟ್ಟಿದ್ದು ಜೋಳದ ಸುಗ್ಗಿಯಲ್ಲಿ, ಜನವರಿಯ ಸುಮಾರಿಗೆ. ಜೂನ್ ಒಂದು ಶಾಲೆಯ ಮಾಸ್ತರರು ನನಗೆ ಬರೆದುಕೊಟ್ಟ ತಾರೀಖು. ಮುಂದೆ ನಾನೇ ಶಿಕ್ಷಕಿಯಾದಾಗ ಅದನ್ನೇ ಓಣಿಯ ಮಕ್ಕಳಿಗೆಲ್ಲ ಹಂಚಿದೆ... ಪಟ ನೋಡುತ್ತ ಕೂತವಳಿಗೆ ಹೂವಿನ ಆಯಿ ನೆನಪಾದಳು.

ಎಂಬತ್ತರ ದಶಕದ ಮಾತು. ಅಥಣಿಯ ನಮ್ಮ ಓಣಿಯಲ್ಲಿ ದಿನಾ ಬೆಳಿಗ್ಗೆ ಮನೆಮನೆಗೆ ಪೂಜೆಯ ಹೂವು, ಪತ್ರಿ ಕೊಡುತ್ತಿದ್ದ ಅಜ್ಜಿ ಆಕೆ. ಎಲ್ಲರಿಗೂ ಆಯಿ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನ ತೊಟ್ಟಿಲಿಗೆ ಹೂವು ಕಟ್ಟುವವಳು ಆಕೆಯೇ. ಆಗ ತೋಟದಲ್ಲಿ ಯಾವುದು ಅರಳಿದೆಯೋ ಅದು ಆ ಕೂಸಿನ ಹೂವು. ಅಕ್ಷರ ಬಾರದ ಆಯಿಗೆ ಇಡೀ ಓಣಿಯ ಹುಟ್ಟಿದ ತಿಂಗಳುಗಳು ಹೀಗೆ ಬಾಯಿಪಾಠವಾಗಿದ್ದವು. ಹೂವಿಗೆ ತಕ್ಕ ಗುಣವನ್ನೂ ಹೇಳುತ್ತಿದ್ದಳು. ಮಲ್ಲಿಗೆಯ ಕೂಸಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಸೇವಂತಿಗೆಯ ಕೂಸು ಹಿಡಿದ ಪಟ್ಟು ಬಿಡುವುದಿಲ್ಲ. ನಾನು ಸುಗ್ಗಿಯವಳೆಂದು ಕೇಳಿ, "ಹಂಗಾರ ನೀವು ಸೇವಂತಿಗಿ. ಅದಕ್ಕ ಹುಡುಗ್ರನ್ನ ಬೈಯೂದು ಬಿಡಂಗಿಲ್ಲ" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಿದ್ದಳು.

ಒಂದು ಜೂನ್‌ನಲ್ಲಿ ಆಯಿ ತನ್ನ ಮೊಮ್ಮಗಳನ್ನು ಶಾಲೆಗೆ ಕರೆತಂದಳು. ತಮ್ಮನನ್ನು ಎತ್ತಿ ಆಡಿಸುತ್ತ ಮನೆಯಲ್ಲೇ ಉಳಿದಿದ್ದ ಹುಡುಗಿ. ಯಾವಾಗ ಹುಟ್ಟಿದ್ದು ಎಂದು ಕೇಳಿದೆ.

"ದಸರಾ ಮುಗದು ದೀಪಾವಳಿ ಬರೂದ್ರೊಳಗ್ರಿ ಅಕ್ಕೋರ. ತೊಟ್ಟಿಲಿಗೆ ಚೆಂಡು ಹೂವ ಕಟ್ಟಿದ್ದೆ. ಏಳು ತುಂಬಿ ಎಂಟರಾಗ ಬಿದ್ದಾಳ."

ರಜಿಸ್ಟರಿನಲ್ಲಿ ಮೇಲಿನ ಮಕ್ಕಳಿಗೆಲ್ಲ ಆರು ವರ್ಷ ಹಿಡಿದು ಜೂನ್ ಒಂದು ಎಂದು ಬರೆದಾಗಿತ್ತು. ಕೈ ಅದೇ ಓಟದಲ್ಲಿತ್ತು. ಈಕೆಗೂ ಅದನ್ನೇ ಬರೆದೆ. ಆಯಿ ಬಗ್ಗಿ ನೋಡಿ ಏನು ಬರೆದಿರಿ ಎಂದಳು. ಹೇಳಿದೆ.

"ಆ ದಿನದಾಗ ನನ್ನ ಬುಟ್ಟ್ಯಾಗ ಬರೇ ಪತ್ರಿ, ಹೂವ ಇರಂಗಿಲ್ಲಲ್ರಿ. ಮಲ್ಲಿಗಿ ಮುಗದಿರ್ತೈತಿ, ಮಳಿ ಇನ್ನೂ ಹತ್ತಿರಂಗಿಲ್ಲ."

"ಇರ್ಲಿ ಬಿಡ ಆಯಿ, ಎಲ್ಲಾರಿಗೂ ಹಂಗ ಬರೀತೀವಿ" ಎಂದೆ.

ಹತ್ತು ವರ್ಷ ಕಳೆಯಿತು. ಹುಡುಗಿ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕದಲ್ಲಿ ಪಾಸಾದಳು. ಅವಳಿಗೆ ನರ್ಸ್ ಆಗುವ ಆಸೆ. ತರಬೇತಿಯಲ್ಲಿ ಸೀಟು ಸಿಕ್ಕರೆ ಓದಲಿ, ಇಲ್ಲದಿದ್ದರೆ ಈ ವರ್ಷವೇ ಮದುವೆ ಎಂದು ಅವಳಪ್ಪ ಹೇಳಿಬಿಟ್ಟಿದ್ದ. ಸೀಟು ಸಿಗಲು ಹದಿನೇಳು ತುಂಬಿರಬೇಕು. ಆಯಿಯ ಲೆಕ್ಕಕ್ಕೆ ತುಂಬಿ ಎಂಟು ತಿಂಗಳಾಗಿತ್ತು. ನನ್ನ ರಜಿಸ್ಟರಿನ ಪ್ರಕಾರ ಈಗಷ್ಟೇ ಹದಿನಾರು.

ಹೆಡ್‌ಮಾಸ್ತರರು ರಜಿಸ್ಟರ್ ಮುಟ್ಟುವ ಹಾಗಿಲ್ಲ ಎಂದರು. ಆಯಿ, ಹುಡುಗಿ, ನಾನು, ಮೂವರೂ ಬಸ್ಸು ಹತ್ತಿ ಚಿಕ್ಕೋಡಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಗುಮಾಸ್ತ ಜನನದ ದಾಖಲೆ ಕೇಳಿದ. ಮನೆಯಲ್ಲಿ ಹುಟ್ಟಿದ ಕೂಸಿಗೆ ಎಲ್ಲಿಯ ದಾಖಲೆ? ಆಯಿ ಸೆರಗಿನ ಗಂಟು ಬಿಚ್ಚಿ, ಬೀಜಕ್ಕೆಂದು ಒಣಗಿಸಿಟ್ಟ ಚೆಂಡು ಹೂವುಗಳನ್ನು ಅವನ ಮೇಜಿನ ಮೇಲಿಟ್ಟಳು.

"ಇದ್ರ ದಿನದಾಗ ಹುಟ್ಟ್ಯಾಳ್ರಿ ಸಾಹೇಬ್ರ. ಓಣಿ ಮಂದೀನ್ನ ಯಾರ್ನರ ಕೇಳ್ರಿ."

ಆತ ಕೆಟ್ಟವನಲ್ಲ. "ಆಯಿ, ನಾ ಏನ್ ಮಾಡ್ಲಿ? ಕಾಗದ ಬೇಕು" ಎಂದು, ಫೈಲಿನ ಮೇಲೆ ಉದುರಿದ ಬೀಜಗಳನ್ನು ಮೆಲ್ಲಗೆ ಊದಿದ. ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ, ಅಲ್ಲೇ ಬರೆದೂ ಕೊಟ್ಟೆ. ಅದು ಸಾಲದು, ಕೋರ್ಟಿನ ಆದೇಶ ಬೇಕು ಎಂದ. ಅರ್ಜಿಗೆ ಉಳಿದಿದ್ದದ್ದು ನಾಲ್ಕು ದಿನ. ಆಯಿ ಮೇಜಿನ ಕೆಳಗೆ ಕೂತು ಬೀಜ ಆರಿಸಿಕೊಳ್ಳುತ್ತಿದ್ದಳು.

ಒಂದು ವರ್ಷ ಕಾಯಿರಿ, ಹದಿನೇಳು ತುಂಬುತ್ತದೆ ಎಂದು ಹುಡುಗಿಯ ಅಪ್ಪನ ಮುಂದೆ ಅಂಗಲಾಚಿದೆ. ಆತ ದನಿ ಏರಿಸದೆ, "ಅಕ್ಕೋರ, ಬರದವ್ರು ನೀವ ಅಲ್ರಿ?" ಎಂದ. ಶ್ರಾವಣಕ್ಕೆ ಮುಂಚೆಯೇ ಅವಳ ಮದುವೆಯಾಯಿತು, ಮಿರಜಿನ ಕಡೆಗೆ. ಆಮೇಲೆ ಅವಳನ್ನು ನಾನು ನೋಡಲಿಲ್ಲ... ನೋಡುವ ಧೈರ್ಯವೂ ಬರಲಿಲ್ಲ.

ಆಯಿ ಮಾತ್ರ ಮರುದಿನದಿಂದ ಎಂದಿನಂತೆ ನಮ್ಮ ಬಾಗಿಲಿಗೆ ಹೂವು ತಂದಳು. ಆ ದಸರೆಗೆ ಚೆಂಡು ಹೂವನ್ನೂ ಬುಟ್ಟಿ ತುಂಬ ತಂದು ಹೊಸ್ತಿಲಿಗೆ ಸುರಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಅಂಥದೇ ಸುಳ್ಳು ತಾರೀಖಿನ ಮೇಲೆ ಐದು ತಿಂಗಳು ಹೆಚ್ಚೇ ಕೆಲಸ ಮಾಡಿ, ಹಾರ ಹಾಕಿಸಿಕೊಂಡು ನಿವೃತ್ತಳಾದೆ.

ಸೊಸೆ ಒಳಗೆ ಹೋದ ಮೇಲೆ ಕನ್ನಡಕ ಹಾಕಿಕೊಂಡು ಪಟದಲ್ಲಿ ಅಕ್ಟೋಬರ್ ಹುಡುಕಿದೆ. ದಸರಾ ದೀಪಾವಳಿಗಳ ನಡುವಿನ ತಿಂಗಳು. ಅಲ್ಲಿ ಚೆಂಡು ಹೂವೇ ಇತ್ತು, ಬಣ್ಣದಲ್ಲಿ, ಅಚ್ಚುಕಟ್ಟಾಗಿ ಅಚ್ಚಾಗಿ. ಅಂದು ಆ ಮೇಜಿನ ಮುಂದೆ ನಮ್ಮನ್ನು ಕೇಳಿದ್ದು ಒಂದು ಕಾಗದ. ಈಗ ಅದು ನನ್ನ ಕೈಯಲ್ಲಿದೆ. ಆಯಿ ಹೋಗಿ ಇಪ್ಪತ್ತು ವರ್ಷ ದಾಟಿತು. ಯಾರಿಗೆ ತೋರಿಸಲಿ?