‘ನೋಡೇಬಿಡೂಣ್ರಿ’ ಎನ್ನುತ್ತಿದ್ದ ವಕೀಲರು

ಸಂವಿಧಾನ ಬಂದ ಹೊಸತು. ನಾನು ಪತ್ರಿಕೆಯ ವರದಿಗೆ ಹೋಗುತ್ತಿದ್ದ ರೋಣದ ಕೋರ್ಟಿನಲ್ಲಿ ಒಬ್ಬ ವಕೀಲರಿದ್ದರು. ಧೋತರದ ಚುಂಗಿನಿಂದ ಚಸ್ಮಾ ಒರೆಸುತ್ತ, ಯಾರು ಏನೇ ಹೇಳಿದರೂ "ನೋಡೇಬಿಡೂಣ್ರಿ" ಎನ್ನುತ್ತಿದ್ದರು.

ನೇಕಾರರ ಸಭೆ ಕೂಡಿಸಿದ್ದಕ್ಕೆ ಗಜೇಂದ್ರಗಡದ ನೇಕಾರನೊಬ್ಬನನ್ನು ಪೊಲೀಸರು ಕೇಸಿಲ್ಲದೆ ಠಾಣೆಯಲ್ಲಿ ಇಟ್ಟುಕೊಂಡಿದ್ದರು. ವಕೀಲರು ಅರ್ಜಿ ಹಾಕಿ ಅವನನ್ನು ಕೋರ್ಟಿಗೆ ತರಿಸಿದರು.

"ಅರೆಸ್ಟ್ ಮಾಡಿಲ್ರಿ ಸಾಹೇಬ್ರ, ಸುಮ್ನ ಕೂಡ್ರಿಸೇವಿ," ಎಂದು ಠಾಣೆಯ ಫೌಜದಾರರು ನ್ಯಾಯಾಧೀಶರಿಗೆ ಹೇಳಿದರು.

"ನೋಡೇಬಿಡೂಣ್ರಿ," ಎಂದ ವಕೀಲರು ನೇಕಾರನತ್ತ ತಿರುಗಿದರು. "ಏಳಪಾ, ಮನಿಗೆ ನಡಿ."

ಅವನು ಅಳುಕುತ್ತ ಹೊರಟ. ಪೇದೆ ಓಡಿಬಂದು ಬಾಗಿಲಿಗೆ ಅಡ್ಡ ನಿಂತ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಹೋಗಾಕ ಬಿಡದ ಕೂಡ್ರಿಸಿದ್ರ ಅದು ಬಂಧನನ, ಫೌಜದಾರ್ರ. ದಾರಿ ಬಿಡ್ರಿ."

ಪೇದೆ ಸರಿದ. ನೇಕಾರ ಅವನಿಗೂ ಕೈಮುಗಿದ.

"ಅವಗ್ಯಾಕಪಾ ನಮಸ್ಕಾರ?" ಎಂದರು ವಕೀಲರು. "ನಡಿ ಲಗೂ."