ಎರಡು ಪಟ್ಟಿ, ಮೂವತ್ತೊಂದು ಮಕ್ಕಳು

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಪುಕ್ಕಟೆಯಾಯಿತಲ್ಲ, ಅದರ ಮರುವರ್ಷದ ಮಾತು. ಆಗ ನಾನು ಗಜೇಂದ್ರಗಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕ. ಕಾಲೇಜಿನ ಹೆಸರು ಬೇಡ. ಅಲ್ಲಿನವರು ಇನ್ನೂ ನನ್ನ ಜೊತೆ ಮಾತಾಡುತ್ತಾರೆ, ಅದು ಹಾಗೇ ಇರಲಿ. ಹುಟ್ಟೂರು ನರಗುಂದ. ಇಪ್ಪತ್ತಾರು ವರ್ಷ ಪಾಠ ಮಾಡಿ ಮುಗಿದಿತ್ತು, ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಸಿಟ್ಟಿನ ಮಾಸ್ತರು ಎಂದು ಹೆಸರು ಬಿದ್ದಿತ್ತು. ಹೆಸರು ಸುಳ್ಳೇನಲ್ಲ.

ಪ್ರಥಮ ಪಿಯುಸಿ ಗಣಿತದ ಮೊದಲ ಅಧ್ಯಾಯವೇ ಗಣಗಳು. ಗಣ ಎಂದರೆ ಯಾರು ಒಳಗೆ, ಯಾರು ಹೊರಗೆ ಎಂದು ಸಂಶಯವಿಲ್ಲದೆ ಹೇಳಬಹುದಾದ ಗುಂಪು. ‘ನಮ್ಮ ತರಗತಿಯಲ್ಲಿ ಸೂಡಿಯಿಂದ ಬರುವವರು’ ಎಂದರೆ ಅದು ಗಣ. ‘ನಮ್ಮ ತರಗತಿಯ ಒಳ್ಳೆಯ ಹುಡುಗರು’ ಎಂದರೆ ಗಣವಲ್ಲ, ಒಳ್ಳೆಯವರು ಯಾರು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡು ಗಣಗಳನ್ನು ಒಟ್ಟುಗೂಡಿಸಿದರೆ ಸಂಯೋಗ, ಎರಡರಲ್ಲೂ ಇರುವವರನ್ನಷ್ಟೇ ಆರಿಸಿದರೆ ಛೇದನ. ಸಂಯೋಗದಲ್ಲಿ ಒಟ್ಟು ಎಷ್ಟು ಮಂದಿ ಎಂದು ತಿಳಿಯಬೇಕಾದರೆ ಎರಡೂ ಗಣಗಳ ಸಂಖ್ಯೆಯನ್ನು ಕೂಡಿಸಿ, ಛೇದನದ ಸಂಖ್ಯೆಯನ್ನು ಒಮ್ಮೆ ಕಳೆಯಬೇಕು. ಕಳೆಯದಿದ್ದರೆ ಎರಡೂ ಕಡೆ ಇರುವವರನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಇಷ್ಟೇ. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಆದರೆ ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳ ಮುಂದೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಇಟ್ಟರೆ ಮುಗಿಯಿತು. ಸೂತ್ರವನ್ನು ಗಿಳಿಯ ಹಾಗೆ ಒಪ್ಪಿಸುತ್ತಾರೆ, ಲೆಕ್ಕ ಕೊಟ್ಟರೆ ಛಾವಣಿ ನೋಡುತ್ತಾರೆ. ಮೇಲಾಗಿ ಆ ಲೆಕ್ಕಗಳೋ! ಇಷ್ಟು ಮಂದಿ ಚಹಾ ಕುಡಿಯುತ್ತಾರೆ, ಇಷ್ಟು ಮಂದಿ ಕಾಫಿ ಕುಡಿಯುತ್ತಾರೆ, ಎರಡೂ ಕುಡಿಯುವವರೆಷ್ಟು? ಗಜೇಂದ್ರಗಡದ ಸುತ್ತ ಕಾಫಿ ಕುಡಿಯುವವರನ್ನು ಕಂದೀಲು ಹಿಡಿದು ಹುಡುಕಬೇಕು. ಆದರೂ ವರ್ಷವರ್ಷ ಅದೇ ಚಹಾ, ಅದೇ ಕಾಫಿ. ಲೆಕ್ಕ ಬದಲಿಸಬೇಕು ಎಂದು ನನಗೂ ಒಮ್ಮೆಯೂ ಹೊಳೆಯಲಿಲ್ಲ ನೋಡಿ.

ಅಧ್ಯಾಯ ಮುಗಿದ ಮೇಲೆ ಹತ್ತು ಅಂಕದ ಕಿರುಪರೀಕ್ಷೆ ಇಟ್ಟೆ. ಐದು ಅಂಕದ ಎರಡು ಲೆಕ್ಕ. ಮೊದಲನೆಯದು ಹೀಗಿತ್ತು: ನಲವತ್ತು ಮಂದಿಯ ಗುಂಪಿನಲ್ಲಿ ಇಪ್ಪತ್ತೆಂಟು ಮಂದಿ ಚಹಾ, ಹತ್ತೊಂಬತ್ತು ಮಂದಿ ಕಾಫಿ ಕುಡಿಯುತ್ತಾರೆ, ಐವರು ಎರಡನ್ನೂ ಮುಟ್ಟುವುದಿಲ್ಲ, ಎರಡೂ ಕುಡಿಯುವವರೆಷ್ಟು? ಸೂಡಿಯಿಂದ ಬರುತ್ತಿದ್ದ ರೇಣುಕಾ ಎಂಬ ಹುಡುಗಿ ಹಾಳೆಯ ಮೇಲೆ ‘12’ ಎಂದಷ್ಟೇ ಬರೆದಿದ್ದಳು. ಉತ್ತರ ಸರಿ. ಸೂತ್ರವಿಲ್ಲ, ಹೆಜ್ಜೆಗಳಿಲ್ಲ, ವೃತ್ತಗಳ ಚಿತ್ರವಿಲ್ಲ. ಎರಡನೆಯ ಲೆಕ್ಕವೂ ಹಾಗೆಯೇ. ಕೊನೆಯ ಬೆಂಚಿನ ಹುಡುಗಿ, ಎರಡು ತಿಂಗಳಲ್ಲಿ ಬಾಯಿ ಬಿಟ್ಟವಳಲ್ಲ. ಒಂದೊಂದು ಅಂಕದಂತೆ ಹತ್ತಕ್ಕೆ ಎರಡು ಹಾಕಿ, ಎಲ್ಲರ ಎದುರಿಗೆ ಎಬ್ಬಿಸಿ ನಿಲ್ಲಿಸಿದೆ.

‘ಯಾರ ಪೇಪರ್ ನೋಡಿ ಬರದಿ?’

ಅವಳು ತಲೆ ತಗ್ಗಿಸಿದಳು. ನನಗೆ ಅಷ್ಟೇ ಸಾಕಾಯಿತು. ‘ನಕಲು ಹೊಡಿಯೋರಿಗೆ ಸೈನ್ಸ್ ಅಲ್ಲವ್ವಾ. ಆರ್ಟ್ಸ್‌ಗೆ ಹೋಗು, ಪಾಸರ ಆಗ್ತಿ’ ಎಂದೆ. ತರಗತಿ ನಕ್ಕಿತು. ಆರ್ಟ್ಸ್ ಏನು ಕಸದ ಬುಟ್ಟಿಯೇ ಎಂದು ಇತಿಹಾಸದ ಉಪನ್ಯಾಸಕರು ನನ್ನನ್ನು ಆಮೇಲೆ ತರಾಟೆಗೆ ತೆಗೆದುಕೊಂಡರು, ಅವರ ಮಾತೂ ಖರೆ.

ಈಗ ಬಸ್ಸಿನ ವಿಷಯ. ಸೂಡಿಯ ಕಡೆಗೆ ಬಸ್ಸು ನಾಲ್ಕೂಕಾಲಿಗೆ ಹೊರಡುತ್ತಿತ್ತು. ಪ್ರಾಯೋಗಿಕ ತರಗತಿ ಮುಗಿಯುವುದು ಐದಕ್ಕೆ. ಮುಂದಿನ ಬಸ್ಸು ಏಳಕ್ಕೆ. ಹಾಗಾಗಿ ಆ ದಾರಿಯ ಹುಡುಗಿಯರು ಪ್ರಯೋಗಾಲಯದಲ್ಲಿ ಅರ್ಧ ಕೆಲಸ ಬಿಟ್ಟು ಓಡುತ್ತಿದ್ದರು. ಪ್ರಾಯೋಗಿಕ ಇಲ್ಲದ ದಿನಗಳಲ್ಲಿ ಐದರವರೆಗೆ ನಡೆಯುವ ಸಂಜೆಯ ಪ್ರವೇಶಪರೀಕ್ಷೆ ತರಬೇತಿಗಂತೂ ಬಾಯಿಮಾತಿಗೆ ಹ್ಞೂಂ ಅನ್ನುವವರು ಬಹಳ, ನಿಲ್ಲುವವರು ಯಾರೂ ಇಲ್ಲ. ನಮ್ಮ ಪ್ರಾಚಾರ್ಯರು ಡಿಪೊಗೆ ಅರ್ಜಿ ಹಾಕಿದರು. ಡಿಪೊ ಯಾವ ಊರಿನದೆಂದು ನಾನು ಹೇಳುವುದಿಲ್ಲ. ಅಲ್ಲಿನ ಮ್ಯಾನೇಜರು ಒಳ್ಳೆಯ ಮಾತನ್ನೇ ಆಡಿದರು: ಮೂವತ್ತು ವಿದ್ಯಾರ್ಥಿಗಳಾದರೂ ಇದ್ದರೆ ಐದೂಕಾಲಿಗೆ ಒಂದು ಬಸ್ಸು ಬಿಡೋಣ, ಪಟ್ಟಿ ಕಳಿಸಿ.

ಆ ದಾರಿಯವರ ಪಟ್ಟಿ ಎರಡಾದವು. ಪ್ರಾಯೋಗಿಕ ತರಗತಿಗೆ ಉಳಿಯುವವರ ಹೆಸರನ್ನು ಪ್ರಯೋಗಾಲಯದ ಸಹಾಯಕರು ಬರೆಸಿಕೊಂಡರು, ಇಪ್ಪತ್ತೆರಡು. ಸಂಜೆ ತರಬೇತಿಗೆ ನಿಲ್ಲುತ್ತೇವೆ ಎಂದವರ ಹೆಸರನ್ನು ಕಚೇರಿಯ ಗುಮಾಸ್ತರು ಬರೆಸಿಕೊಂಡರು, ಇಪ್ಪತ್ನಾಲ್ಕು. ಪ್ರಾಚಾರ್ಯರು ಎರಡನ್ನೂ ಕೂಡಿಸಿ ಕೆಳಗೆ ನಲವತ್ತಾರು ಎಂದು ಬರೆದು, ‘ಲಗೂನ ಒಂದು ಸಹಿ ಹಾಕ್ರಿ, ಟಪಾಲ ಹೊಂಟೈತಿ’ ಎಂದು ನನ್ನ ತರಗತಿಯ ಬಾಗಿಲಿಗೇ ತಂದರು. ಸಾರಿಗೆ ಸಮಿತಿಯ ಸಂಚಾಲಕ ನಾನೇ. ಸುಣ್ಣದ ಕಡ್ಡಿಯ ಪುಡಿ ಮೆತ್ತಿದ ಕೈಯಲ್ಲೇ ಸಹಿ ಹಾಕಿದೆ. ಕಿರುಪರೀಕ್ಷೆಯ ಲೆಕ್ಕ ಬಿಡಿಸಿ ತೋರಿಸುತ್ತಿದ್ದೆ, ನನ್ನ ಬೆನ್ನ ಹಿಂದೆ ಹಲಗೆಯ ಮೇಲೆ, ಛೇದನವನ್ನು ಕಳೆಯಬೇಕು ಎಂಬ ಸೂತ್ರ ಅಂಗೈಯಗಲ ಅಕ್ಷರದಲ್ಲಿ ನಿಂತಿತ್ತು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ.

ಹದಿನೈದು ದಿನ ಸುದ್ದಿಯಿಲ್ಲ. ಒಂದು ಬುಧವಾರ ಗುಮಾಸ್ತರು, ‘ಸೂಡಿ ರೇಣುಕಾನ ಅಪ್ಪ ಟಿ.ಸಿ. ಕೇಳಿ ಅರ್ಜಿ ಕೊಟ್ಟಾನ್ರಿ. ಸೋಮವಾರ ಬಂದು ಒಯ್ತಾನಂತ’ ಎಂದರು. ಟಿ.ಸಿ. ಎಂದರೆ ವರ್ಗಾವಣೆ ಪತ್ರ, ಅದು ಕೈಗೆ ಹೋಯಿತೆಂದರೆ ಹುಡುಗಿಯ ವಿಜ್ಞಾನ ಅಲ್ಲಿಗೆ ಮುಗಿಯಿತು. ಯಾಕಂತೆ ಎಂದೆ. ಸಂಜೆ ಬಸ್ಸಿಲ್ಲವಲ್ಲ ಎಂದರು. ಆ ಬಸ್ಸಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಗುರುವಾರ ಡಿಪೊ ಮ್ಯಾನೇಜರ ಫೋನು. ಪ್ರಾಚಾರ್ಯರು ಸ್ಪೀಕರ್ ಹಾಕಿ ನನ್ನ ಮುಂದೆ ಇಟ್ಟರು.

‘ಸರ್, ನಮ್ಮ ರಿಜಿಸ್ಟರ್ ಪ್ರಕಾರ ನಿಮ್ಮ ಕಾಲೇಜಿನಿಂದ ಆ ದಾರಿಗೆ ಪಾಸ್ ಇರೋರು ಹನ್ನೊಂದ ಮಂದಿ. ನೀವು ನಲವತ್ತಾರು ಅಂತ ಬರದೀರಿ. ಎಲ್ಲಿಂದ ಹುಟ್ಟಿಸಿದ್ರಿ? ಒಂದೊಂದು ಹೆಸರು ಎರಡೆರಡು ಸಲ ಐತಿ. ಮಾಸ್ತರಾಗಿ ಸುಳ್ಳು ಪಟ್ಟಿ ಕೊಡೂದು ಚಲೋ ಅಲ್ರಿ.’

ಫೋನು ಇಟ್ಟರು. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಸುಳ್ಳ ಎಂದಿರಲಿಲ್ಲ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಎರಡೂ ಪಟ್ಟಿಗಳ ಪ್ರತಿ ಹಿಡಿದು ನೇರವಾಗಿ ತರಗತಿಗೆ ನುಗ್ಗಿದೆ.

‘ಯಾರದು, ಎರಡೂ ಪಟ್ಟಿಯೊಳಗ ಹೆಸರು ಬರದು ನನ್ನ ಮಾನ ಕಳದವ್ರು? ಏಳ್ರಿ ಮ್ಯಾಲೆ!’

ಯಾರೂ ಏಳಲಿಲ್ಲ. ಆಮೇಲೆ ಕೊನೆಯ ಬೆಂಚಿನಿಂದ ರೇಣುಕಾ ಎದ್ದಳು.

‘ನಾ ಬರದೀನ್ರಿ ಸರ್. ಎರಡೂ ಹಾಳಿ ನನ್ನ ಮುಂದ ಬಂದ್ವು. ಪ್ರಾಕ್ಟಿಕಲ್‌ಗೂ ನಿಲ್ಲಬೇಕು, ಕೋಚಿಂಗಿಗೂ ನಿಲ್ಲಬೇಕು, ಅದಕ್ಕ ಎರಡರಾಗೂ ಬರದ್ನಿ. ಅದ್ರಾಗೇನು ತಪ್ಪೈತ್ರಿ?’ ನನ್ನ ಕೈಯಲ್ಲಿದ್ದ ಹಾಳೆಗಳತ್ತ ಬೆರಳು ತೋರಿಸಿದಳು. ‘ಅವನ್ನ ಕೂಡಿಸಿದವ್ರು ಯಾರ್ರಿ?’

ಪಟ್ಟಿಯ ಕೆಳಗೆ ಇದ್ದದ್ದು ನನ್ನ ಸಹಿ. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಅಯ್ಯೋ, ಆ ಕ್ಷಣ ನೆಲ ಬಾಯಿಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಯಲು ತೆರೆದ ಬಾಯಿಂದ ಬೇರೆ ಮಾತು ಬಂತು: ‘ಹಂಗಂದ್ರ ಖರೇ ಎಷ್ಟು ಮಂದಿ, ಹ್ಯಾಂಗ ಎಣಿಸ್ತಿ?’

‘ನಮ್ಮದು ಹಿಟ್ಟಿನ ಗಿರಣಿ ಐತ್ರಿ. ಜ್ವಾಳದ ಡಬ್ಬಿ ಒಂದ ಕಡೆ ಇಡ್ತೇವಿ, ಗೋದಿ ಡಬ್ಬಿ ಒಂದ ಕಡೆ. ಒಂದ ಮನಿಯವ್ರು ಎರಡೂ ತಂದಿರ್ತಾರ. ಡಬ್ಬಿ ಎಣಿಸಿದ್ರ ಮನಿ ಎಣಿಸಿದಂಗ ಆಗೂದಿಲ್ರಿ. ಎರಡೂ ಕಡೆ ಡಬ್ಬಿ ಇಟ್ಟ ಮನಿ ಎಷ್ಟು, ಅಷ್ಟು ತಗದ್ರ ಆತು.’

ನಾನು ಐದು ವಾರ ಕೂಗಿ ಕೂಗಿ ಹೇಳಿದ್ದನ್ನು ಅವಳು ನಾಲ್ಕು ಮಾತಿನಲ್ಲಿ ಮುಗಿಸಿದಳು. ಪಟ್ಟಿಗಳನ್ನು ಅವಳ ಕೈಗೇ ಕೊಟ್ಟೆ. ಬೆಂಚಿನ ಮೇಲೆ ಅಕ್ಕಪಕ್ಕ ಹರಡಿ ಗುರುತು ಹಾಕುತ್ತ ಹೋದಳು. ಎರಡರಲ್ಲೂ ಇದ್ದ ಹೆಸರು ಹದಿನೈದು. ನಲವತ್ತಾರರಲ್ಲಿ ಹದಿನೈದು ಹೋದರೆ ಮೂವತ್ತೊಂದು. ಡಿಪೊದವರು ಕೇಳಿದ್ದು ಮೂವತ್ತು! ನಿಜ ಬರೆದಿದ್ದರೂ ಬಸ್ಸು ಬರುತ್ತಿತ್ತು. ಯಾರಿಗೂ ಬೇಡವಾಗಿದ್ದ ಹದಿನೈದನ್ನು ಸೇರಿಸಿ ಸುಳ್ಳರಾಗಿದ್ದೆವು. ಹಣೆ ಚಚ್ಚಿಕೊಂಡೆ.

ಆದರೆ ಡಿಪೊದವರ ಹನ್ನೊಂದು ಎಲ್ಲಿಂದ ಬಂತು? ಪಾಸ್ ಇರುವವರು ಇಷ್ಟೇ ಅಂತಾರಲ್ಲ ಎಂದು ಗೊಣಗಿದೆ. ರೇಣುಕಾ ಈಗ ನನ್ನನ್ನು ತೀರಾ ಏನೂ ತಿಳಿಯದವನ ಹಾಗೆ ನೋಡಿದಳು.

‘ಹುಡುಗ್ಯಾರಿಗೆ ಪಾಸ್ ಯಾಕ ಬೇಕ್ರಿ ಸರ್? ಆಧಾರ್ ಕಾರ್ಡ್ ತೋರಿಸಿ ಹೋಗ್ತೇವಿ.’

ಎಣಿಸಿದೆವು. ಮೂವತ್ತೊಂದರಲ್ಲಿ ಹುಡುಗರು ಹನ್ನೊಂದು, ಹುಡುಗಿಯರು ಇಪ್ಪತ್ತು. ಹಳೆಯ ರೂಢಿಯಂತೆ ಡಿಪೊದವರು ವಿದ್ಯಾರ್ಥಿ ಎಂದರೆ ಪಾಸ್ ಇದ್ದವನು ಎಂದು ಹಿಡಿದಿದ್ದರು. ಬಸ್ಸು ಯಾರಿಗೆ ಬೇಕಾಗಿತ್ತೋ ಆ ಇಪ್ಪತ್ತು ಮಂದಿ ಅವರ ಗಣದೊಳಗೆ ಇರಲೇ ಇಲ್ಲ. ನಾವು ಇದ್ದವರನ್ನು ಎರಡು ಸಲ ಎಣಿಸಿದೆವು, ಅವರು ಇದ್ದವರನ್ನು ಎಣಿಸಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಪ್ರಾಚಾರ್ಯರೂ ನಾನೂ ಡಿಪೊಗೆ ಹೋದೆವು. ಮ್ಯಾನೇಜರು ಮೊದಲು ಮುಖ ಕೊಡಲಿಲ್ಲ. ಪಾಸ್ ಇಲ್ಲದವರನ್ನು ವಿದ್ಯಾರ್ಥಿ ಎಂದು ದಾಖಲೆಯಲ್ಲಿ ಹೇಗೆ ತೋರಿಸುವುದು ಎಂದು ಅರ್ಧ ಗಂಟೆ ವಾದಿಸಿದರು. ಅವರದೇ ಟೇಬಲ್ಲಿನ ಹಾಳೆಯೊಂದರ ಹಿಂದೆ ವೃತ್ತಗಳನ್ನು ಎಳೆದು, ಹೆಸರು ಹೆಸರು ಇಟ್ಟು ತೋರಿಸಿದೆ. ಹಾಜರಿ ಪುಸ್ತಕ ಮುಂದಿಟ್ಟೆ. ಮೊದಲಿನ ಪಟ್ಟಿ ತಪ್ಪು, ತಪ್ಪು ನನ್ನದು ಎಂದೂ ಹೇಳಿದೆ.

‘ಇದನ್ನ ಮೊದಲ ಬರದಿದ್ರ ಅವತ್ತ ಬಸ್ಸು ಬಿಡ್ತಿದ್ನಲ್ರೀ’ ಎಂದರು ಅವರು. ನನಗೆ ಮತ್ತೆ ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡಿಕೊಳ್ಳುವುದು? ಸೋಮವಾರದಿಂದ ಐದೂಕಾಲಿಗೆ ಬಸ್ಸು ಎಂದು ಆದೇಶ ಕೈಗೆ ಸಿಕ್ಕಿತು.

ಗೆದ್ದೆ ಎಂದುಕೊಂಡು ಶನಿವಾರ ಕಚೇರಿಗೆ ಹೋಗಿ, ರೇಣುಕಾಳ ಅಪ್ಪನ ಅರ್ಜಿ ಕೊಡಿ, ಅದನ್ನು ವಾಪಸು ಮಾಡಿಸೋಣ ಎಂದೆ. ಗುಮಾಸ್ತರು ಕಡತದಿಂದ ತೆಗೆದು ಕೊಟ್ಟರು. ಅದನ್ನು ನಾನು ಅಲ್ಲಿಯವರೆಗೆ ಓದಿರಲಿಲ್ಲ. ದಪ್ಪ ಅಕ್ಷರದಲ್ಲಿ ಎರಡು ಕಾರಣ ಬರೆದಿದ್ದರು. ಒಂದು, ಸಂಜಿ ಬಸ್ ಇಲ್ಲ. ಎರಡು, ನಕಲು ಮಾಡ್ತಾಳ ಅಂತ ಹೇಳಿ ಗಣಿತದ ಸರ್ ಆರ್ಟ್ಸ್‌ಗೆ ಹೋಗು ಅಂದಾರ.

ಮಧ್ಯಾಹ್ನದ ಬಸ್ಸು ಹತ್ತಿ ಸೂಡಿಗೆ ಹೋದೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಸದ್ದೇ ಕರೆದೊಯ್ದಿತು. ರೇಣುಕಾಳ ಅಪ್ಪ ಫಕೀರಪ್ಪ ನನ್ನನ್ನು ಕಂಡು ಗಿರಣಿ ನಿಲ್ಲಿಸಿದರು. ಹೆಗಲ ಮೇಲಿನ ವಸ್ತ್ರದಿಂದ ಸ್ಟೂಲಿನ ಹಿಟ್ಟು ಒರೆಸಿ, ‘ಬರ್ರಿ ಸರ್, ಕುಂದರ್ರಿ’ ಎಂದರು. ರೇಣುಕಾ ಡಬ್ಬಿಗಳ ಹಿಂದೆ ನಿಂತಿದ್ದಳು. ಬಸ್ಸಿನ ಆದೇಶ ತೋರಿಸಿದೆ. ಅವರು ನಿಧಾನವಾಗಿ ಓದಿದರು.

‘ಚಲೋ ಆತ್ರಿ. ಒಂದ ಕಾರಣ ಹೋತು. ಇನ್ನೊಂದಕ್ಕ ಏನ್ ಮಾಡೂಣು?’

‘ಅದು ನನ್ನ ತಪ್ಪು ಫಕೀರಪ್ಪ. ಸಿಟ್ಟಿನ್ಯಾಗ ಅಂದೆ. ನಿಮ್ಮ ಮಗಳು ಭಾಳ ಶ್ಯಾಣ್ಯಾಕಿ ಅದಾಳ.’

‘ಶ್ಯಾಣ್ಯಾಕಿ ಅಂತೀರಿ, ಹತ್ತಕ್ಕ ಎರಡು ಕೊಡ್ತೀರಿ. ನಾ ಯಾವುದನ್ನ ನಂಬಲಿ? ಹಂಗಲ್ರಿ ಸರ್. ನಾವು ಸಾಲಿಗೆ ಬಂದು ಏನ್ ಕೇಳಿದ್ರೂ ಬರದು ಕೊಡ್ರಿ ಅಂತೀರಿ. ಆಕಿ ಎರಡು ದಿವಸ ತಪ್ಪಿಸಿದ್ದಕ್ಕೂ ನನ್ನ ಕಡಿಂದ ಬರಿಸ್ಕೊಂಡೀರಿ. ಈಗ ನೀವು ಬರದು ಕೊಡ್ರಿ.’

ಅವರ ದನಿಯಲ್ಲಿ ಜಗಳವಿರಲಿಲ್ಲ. ಹಾಳೆ, ಪೆನ್ನು ತಂದು ಕೊಟ್ಟರು. ನಾನು ಸರ್ಕಾರಿ ಕನ್ನಡದಲ್ಲಿ, ಸದರಿ ವಿದ್ಯಾರ್ಥಿನಿಯು ವಿಜ್ಞಾನ ವಿಭಾಗದಲ್ಲಿ ವ್ಯಾಸಂಗ ಮುಂದುವರಿಸಲು ಯೋಗ್ಯಳಿರುತ್ತಾಳೆ ಎಂದು ಬರೆದು ಸಹಿ ಹಾಕಿದೆ. ಫಕೀರಪ್ಪ ಅದನ್ನು ಓದದೆ ಮಗಳ ಕೈಗೆ ಕೊಟ್ಟರು. ಅವಳು ಎರಡು ಸಲ ಓದಿದಳು.

‘ನಾ ನಕಲು ಮಾಡಿಲ್ಲ ಅನ್ನೂದು ಇದರಾಗ ಇಲ್ರಿ ಸರ್.’

ಹಾಳೆಯನ್ನು ಮತ್ತೆ ತೆಗೆದುಕೊಂಡು ಸಹಿಯ ಕೆಳಗೆ ಬರೆದೆ: ‘ಕಿರುಪರೀಕ್ಷೆಯಲ್ಲಿ ರೇಣುಕಾ ನಕಲು ಮಾಡಿಲ್ಲ. ಮಾಡಿದ್ದಾಳೆ ಎಂದು ತರಗತಿಯಲ್ಲಿ ನಾನು ಹೇಳಿದ್ದು ತಪ್ಪು.’ ಇನ್ನೊಮ್ಮೆ ಸಹಿ ಹಾಕಿದೆ. ಅವಳು ಓದಿ, ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ‘ಸೋಮವಾರ ಕಳಸ್ತೀನ್ರಿ’ ಎಂದು ಫಕೀರಪ್ಪ ಗಿರಣಿ ಚಾಲೂ ಮಾಡಿದರು.

ಆ ಸೋಮವಾರದಿಂದ ನಾನು ಉತ್ತರವಷ್ಟೇ ಬರೆದ ಮಕ್ಕಳನ್ನು ಹತ್ತಿರ ಕರೆದು, ಹೇಗೆ ಮಾಡಿದೆ ಎಂದು ಕನ್ನಡದಲ್ಲಿ ಕೇಳತೊಡಗಿದೆ. ಹೆಚ್ಚಿನವರು ನಕಲು ಮಾಡಿದವರೇ, ಅದನ್ನೂ ಹೇಳಬೇಕು. ಆದರೆ ನಿವೃತ್ತಿಯೊಳಗೆ ನಾಲ್ವರೋ ಐವರೋ ಲೆಕ್ಕವನ್ನು ತಮ್ಮದೇ ದಾರಿಯಲ್ಲಿ ಬಿಡಿಸಿದವರು ಸಿಕ್ಕರು. ಹೆಜ್ಜೆ ಬರೆಯಲು ಬಾರದವರು ಒಂದು ಗಣ, ಲೆಕ್ಕ ತಿಳಿದವರು ಇನ್ನೊಂದು ಗಣ, ಎರಡರಲ್ಲೂ ಇರುವವರು ಯಾರೂ ಇಲ್ಲ ಎಂದುಕೊಂಡು ನಾನು ಇಪ್ಪತ್ತಾರು ವರ್ಷ ಅಂಕ ಹಾಕಿದ್ದೆ. ಎರಡರಲ್ಲೂ ಇದ್ದ ಎಷ್ಟು ಮಂದಿಯನ್ನು ಎಬ್ಬಿಸಿ ನಿಲ್ಲಿಸಿ, ತರಗತಿಯನ್ನು ನಗಿಸಿ, ಮನೆಗೆ ಕಳಿಸಿದೆನೋ, ಅವರ ಹೆಸರಿರುವ ಪಟ್ಟಿ ನನ್ನ ಹತ್ತಿರ ಒಂದೂ ಇಲ್ಲ.